ಮಾರ್ದನಿಯ ಕೋಣೆ

ಕಾಂಬೋಡಿಯಾದ ಅಂಕೋರ್‌ವಾಟ್ ದೇವಾಲಯದೊಳಗೆ ಒಂದು ಇಕ್ಕಟ್ಟಾದ ಕಲ್ಲಿನ ಕೋಣೆಯಿದೆ. ಅಲ್ಲಿ ಕೂಗಿದರೆ ಮಾರ್ದನಿ ಇಲ್ಲ, ಚಪ್ಪಾಳೆ ತಟ್ಟಿದರೂ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ಎದೆ ಗುದ್ದಿಕೊಂಡರೆ ಮಾತ್ರ ಇಡೀ ಕೋಣೆ ನಗಾರಿಯಂತೆ ಮೊಳಗುತ್ತದೆ.

ನಮ್ಮ ಪ್ರವಾಸದ ಗುಂಪಿನವರೆಲ್ಲ ಒಬ್ಬೊಬ್ಬರಾಗಿ ಗುದ್ದಿಕೊಂಡು ನಕ್ಕರು. ಒಂಟಿಯಾಗಿ ಬಂದಿದ್ದ ವಯಸ್ಸಾದ ಹೆಂಗಸೊಬ್ಬರು ಮಾತ್ರ ಬಾಗಿಲಲ್ಲೇ ನಿಂತಿದ್ದರು.

“ನೀವೂ ಬನ್ನಿ ಆಂಟಿ,” ಎಂದೆ.

“ಬೇಡಮ್ಮಾ. ಎದೆ ಬಡ್ಕೊಳ್ಳೋದು ಸಾವಿನ ಮನೇಲಿ. ಗಂಡ ಇರೋಳು ನಾನು, ಅಪಶಕುನ.”

“ಅಂಕಲ್ ಯಾಕೆ ಬರಲಿಲ್ಲ?”

“ಅವರಿಗೆ ಮಂಡಿ ನೋವು. ನೀನೇ ನೋಡ್ಕೊಂಡು ಬಾ, ಬಂದ್ಮೇಲೆ ಹೇಳು ಅಂದ್ರು.”

ಎಲ್ಲರೂ ಹೊರಗೆ ಬಂದೆವು. ಬಸ್ಸಿನ ಕಡೆ ಹೊರಟಾಗ ಆಂಟಿ ಕಾಣಲಿಲ್ಲ. ಹುಡುಕುತ್ತ ವಾಪಸ್ಸು ಹೋದರೆ ಆ ಕೋಣೆ ಒಂದೇ ಸಮನೆ ಮೊಳಗುತ್ತಿತ್ತು. ಗೋಡೆಗೆ ಒರಗಿ, ಎರಡೂ ಕೈಯಲ್ಲಿ ಎದೆ ಬಡಿದುಕೊಳ್ಳುತ್ತಿದ್ದರು. ಗಾಬರಿಯಿಂದ ಕೈ ಹಿಡಿದುಕೊಂಡೆ.

“ಆಂಟಿ, ಏನಾಯ್ತು?”

“ಅವರು ಹೋದ ದಿನಾನೇ ಬಡ್ಕೋಬೇಕಿತ್ತು ಕಣಮ್ಮಾ. ‘ಇದು ಆಸ್ಪತ್ರೆ, ಸದ್ದು ಮಾಡ್ಬೇಡಿ’ ಅಂದ್ಬಿಟ್ರು.”