ಕುಂಚಿಗೆ ಕಟ್ಟಿದ ಹಗ್ಗ

೨೦೭೩ರ ಏಪ್ರಿಲ್ ೧೧, ಬೆಳಿಗ್ಗೆ ಹತ್ತೂ ನಲವತ್ತು. ಗೋಡೆ ಕುಸಿದ ಬಾವಿಯ ತಳದಲ್ಲಿ ದ್ಯಾಮಣ್ಣ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಿಂತಿದ್ದ. ಉಳಿದ ಕಲ್ಲುಗಳೂ ಒಂದೊಂದಾಗಿ ಉದುರುತ್ತಿದ್ದವು. ಮೇಲೆ ಎಂಟು ಮಂದಿ ಹಗ್ಗ ಹಿಡಿದಿದ್ದರು. ಈಗಿನ ಹಗ್ಗಗಳು ತೋಳ್ಬಲಕ್ಕೆ ಜಗ್ಗುವುದಿಲ್ಲ. ಹಿಡಿದವರ ಕರುಳು ಮಿಡಿದಷ್ಟೇ ಮೇಲೇರುತ್ತವೆ. ಹೋದ ತಿಂಗಳು ಇದೇ ಬಾವಿಗೆ ಬಿದ್ದ ನಾಲ್ಕು ವರ್ಷದ ಹುಡುಗಿ ಕಣ್ಣು ಮಿಟುಕಿಸುವುದರೊಳಗೆ ಹೊರಬಂದಿದ್ದಳು.

"ಗಟ್ಟಿ ಗಂಡಸು ಬಿಡವ್ವಾ, ಹೆಂಗರ ಹತ್ತಿ ಬರ್ತಾನ," ಅಂದ ಅವರಲ್ಲೊಬ್ಬ, ದ್ಯಾಮಣ್ಣನ ಹೆಂಡತಿಗೆ. ಹಗ್ಗ ಅಲುಗಲಿಲ್ಲ.

ದೊಡ್ಡವರು ಕೂಸಾಗಿದ್ದಾಗ ತಲೆಗೆ ತೊಟ್ಟ ಕುಂಚಿಗೆಯನ್ನು ಇಂಥ ದಿನಕ್ಕೆಂದೇ ಪ್ರತಿ ಮನೆಯಲ್ಲೂ ಕಾದಿಡುತ್ತಾರೆ. ಹೆಂಡತಿ ಹುಲಿಗೆವ್ವ ಗಂಡನದನ್ನು ತಂದು ಹಗ್ಗಕ್ಕೆ ಕಟ್ಟಿದಳು.

"ನೋಡ್ರಿ ಯಣ್ಣಾ, ತೆಲಿ ಇಷ್ಟ ಇತ್ತು. ಕತ್ತಲಿಗೆ ಅಂಜಿ ಅವ್ವನ ಸೆರಗು ಬಿಡ್ತಿದ್ದಿಲ್ಲಂತ."

ಎಂಟೂ ಮಂದಿಯ ಕಣ್ಣು ತುಂಬಿದವು. ಹಗ್ಗ ಸರಸರನೆ ಏರತೊಡಗಿತು. ಹುಲಿಗೆವ್ವ ಬಾವಿಯೊಳಗೆ ಬಗ್ಗಿ ಬೇಡಿಕೊಂಡಳು: "ನಿಮ್ಮ ಕಾಲಿಗೆ ಬೀಳ್ತೀನಿ, ಮಾತಾಡಬ್ಯಾಡ್ರಿ!"

ಆದರೆ ಬೆಳಕು ಕಂಡ ಖುಷಿಗೆ ದ್ಯಾಮಣ್ಣ ತನ್ನ ಗಡಸು ದನಿಯಲ್ಲಿ ಕೂಗಿಯೇಬಿಟ್ಟ: "ಬಂದ್ನಿ ಹುಲಿಗೀ, ಬಂದ್ನಿ!"

ಹಗ್ಗ ನಿಂತಿತು. ಅವಳು ಕುಂಚಿಗೆ ಬಿಚ್ಚಿ ಒಬ್ಬೊಬ್ಬರ ಮುಖಕ್ಕೂ ಹಿಡಿದಳು. ಯಾರ ಕಣ್ಣಲ್ಲೂ ಕೂಸು ಉಳಿದಿರಲಿಲ್ಲ. ಕೆಳಗೆ ಇನ್ನೊಂದು ಕಲ್ಲು ಬಿದ್ದ ಸದ್ದು ಕೇಳಿತು.

ದಂಡೆಗೆ ಇನ್ನೂ ಏಳು ಅಡಿ ಇತ್ತು.