ಸವೆದ ಐದು ಕೀಗಳು

ಈ ಸಲ ಅವಳು ಗುರುತು ಹಾಕಿಕೊಂಡೇ ರಿಪೇರಿ ಅಂಗಡಿಗೆ ಬಂದಿದ್ದಳು. ಕೀಬೋರ್ಡಿನ ಬೆನ್ನಿಗಿದ್ದ ನಾಲ್ಕು ತಿರುಪುಗಳ ಮೇಲೂ ಉಗುರುಬಣ್ಣದ ಒಂದೊಂದು ಚುಕ್ಕೆ. ಹೋದ ಸಲ ರಿಪೇರಿಯಾಗಿ ಬಂದ ದಿನವೇ ಇಟ್ಟದ್ದು. ಒಂದೂ ಒಡೆದಿರಲಿಲ್ಲ. ಅಂದರೆ ಮನೆಯಲ್ಲಿ ಯಾರೂ ಬಿಚ್ಚಿಲ್ಲ. ಆದರೂ ಇನ್ನೊಂದು ಕೀ ಕೆಟ್ಟಿತ್ತು. ಏಳು ತಿಂಗಳಲ್ಲಿ ಏಳನೆಯದು.

"ಬಂದ್ರಪ್ಪಾ ನಿನ್ನ ಖಾಯಂ ಗಿರಾಕಿ" ಎಂದು ಪಕ್ಕದ ಜೆರಾಕ್ಸ್ ಅಂಗಡಿಯವನು ಕೂಗಿದ. "ಟೀ ಎರಡು ಹೇಳಲಾ?"

ರಿಪೇರಿಯವನು ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ. ಅವನಿಗೆ ಅರವತ್ತರ ಮೇಲಾಗಿತ್ತು. ನಕ್ಕದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

"ಈ ಸಲ ಯಾವುದು?"

"ಅಲ್ಪವಿರಾಮ. ಒತ್ತಿದ್ರೆ ಮೇಲೇಳ್ತಿಲ್ಲ." ಅವಳು ಕೀಬೋರ್ಡನ್ನು ಮಗುಚಿ ಚುಕ್ಕೆಗಳನ್ನು ತೋರಿಸಿದಳು. "ಇವನ್ನ ನೋಡಿ. ನಿಮ್ಮ ಅಂಗಡಿ ಬಿಟ್ಟ ಮೇಲೆ ಯಾರೂ ಬಿಚ್ಚಿಲ್ಲ."

ಅನುಮಾನ ತನ್ನ ಮೇಲೇ ಎಂದು ಅವನಿಗೆ ಅರ್ಥವಾಯಿತು.

ಕೀಬೋರ್ಡು ಅವಳ ಗಂಡನದು. ಅವಳಿಗಿಂತ ಎರಡು ವರ್ಷ ಹಳೆಯದು, ರುಬ್ಬುವ ಕಲ್ಲಿನಷ್ಟು ಭಾರ. ಒಂದೊಂದು ಕೀಗೂ ಅದರದೇ ಸ್ವಿಚ್ಚು, ಒತ್ತಿದರೆ ಟಕ್ಕೆಂಬ ಸದ್ದು. ಅವನಿದ್ದಾಗ ಆ ಸದ್ದು ತಲೆ ತಿನ್ನುತ್ತಿತ್ತು. ಅವನು ತೀರಿಹೋಗಿ ಹನ್ನೊಂದು ತಿಂಗಳು. ಈಗ ಆ ಮನೆಯಲ್ಲಿ ಕೇಳುವುದು ಅದೊಂದೇ ಸದ್ದು. ಅವಳು ಪುಸ್ತಕಗಳ ಕೊನೆಗೆ ಬರುವ ಪದಸೂಚಿಗಳನ್ನು ತಯಾರಿಸುತ್ತಾಳೆ. ಕೆಲಸ ಕಂಪ್ಯೂಟರಿಗೇ ಬರುತ್ತದೆ, ಅಲ್ಲಿಂದಲೇ ಹೋಗುತ್ತದೆ. ಹಾಲು, ಸೋಪು, ತರಕಾರಿ ಬಾಗಿಲಿಗೆ ಬರುತ್ತವೆ. ಚಪ್ಪಲಿ ಹಾಕಿಕೊಳ್ಳುವುದು ತಿಂಗಳಿಗೊಮ್ಮೆ, ಈ ಅಂಗಡಿಗೆ ಬರಲು. ವಾಪಸು ಹೋಗುವಾಗ ಅತ್ತೆಗೆ ಕೆಮ್ಮಿನ ಔಷಧಿ. ಅದು ಪಾರ್ಕಿನಾಚೆಯ ದೊಡ್ಡ ಮೆಡಿಕಲ್ಲಿನಲ್ಲೇ ಆಗಬೇಕು. ಬಾಗಿಲಿಗೆ ತರಿಸಿದರೆ ಬೇರೆ ಯಾವುದೋ ಕೊಟ್ಟು ಕಳಿಸುತ್ತಾರೆ ಎಂದು ಅತ್ತೆಯ ತಕರಾರು.

ಹೋದ ವಾರ ಕೀ ಕೆಟ್ಟಾಗ ಅತ್ತೆಯೇ ಅವಳನ್ನು ಎಬ್ಬಿಸಿ ಕಳಿಸಲು ನೋಡಿದ್ದರು. "ಆ ಮನುಷ್ಯ ನಿನ್ನನ್ನ ಆಟ ಆಡಿಸ್ತಿದ್ದಾನೆ ಕಣೇ. ಹೋಗಿ ಚೆನ್ನಾಗಿ ಬೈದು ಬಾ. ನೀನು ಬಾಯಿ ಬಿಟ್ಟು ಮಾತಾಡಿ ಎಷ್ಟು ದಿನ ಆಯ್ತು?"

ಈಗ ಆ ಮನುಷ್ಯ ಸಣ್ಣ ಕೊಕ್ಕೆಯಿಂದ ಕೀಯ ಟೊಪ್ಪಿ ಎತ್ತಿದ. ತಿರುಪುಗಳನ್ನು ಮುಟ್ಟಲೇ ಇಲ್ಲ.

"ಮೇಡಂ, ಇದನ್ನ ಹಾಳು ಮಾಡೋಕೆ ಬಿಚ್ಚಬೇಕಾಗಿಲ್ಲ. ಮೇಲಿಂದ ಒಂದು ಹನಿ ಬಿಟ್ರೆ ಸಾಕು." ಸ್ವಿಚ್ಚಿನ ಬಾಯಲ್ಲಿ ಕಂದು ಬಣ್ಣದ ಅಂಟು ಮೆತ್ತಿಕೊಂಡಿತ್ತು. "ಏಳು ಸಲವೂ ಇದೇ. ನಿಮಗೇ ಬೇಜಾರಾಗತ್ತೆ ಅಂತ ಹೇಳಿರಲಿಲ್ಲ."

"ನಾನು ಮೇಜಿನ ಹತ್ರ ನೀರೂ ಇಟ್ಕೊಳ್ಳಲ್ಲ."

"ಇನ್ನೊಂದು ನೋಡಿ." ಅವನು ಐದು ಕೀಗಳನ್ನು ಒಂದೊಂದಾಗಿ ತೋರಿಸಿದ. ಅಕ್ಷರ ಅಳಿಸಿ, ನಡುವೆ ಗುಳಿಬಿದ್ದು, ಹೊಳೆಯುತ್ತಿದ್ದವು. "ನಿಮ್ಮ ಯಜಮಾನರ ಬೆರಳಿಗೆ ಸವೆದಿರೋದು. ಲೆಕ್ಕದ ಪ್ರಕಾರ ಮೊದಲು ಕೆಡಬೇಕಾದ್ದು ಇವೇ. ಇವುಗಳ ಹತ್ರ ಒಂದು ಹನಿಯೂ ಬಿದ್ದಿಲ್ಲ. ಬೀಳಿಸಿದವರಿಗೆ ಇವನ್ನ ಮುಟ್ಟೋಕೆ ಮನಸ್ಸು ಬಂದಿಲ್ಲ."

ಅವಳು ಆ ಕೀಗಳ ಮೇಲೆ ಬಾಗಿದಳು.

"ಹೊರಗೆ ಬರೋಕೆ ನೆಪ ಬೇಕಿದ್ರೆ ಸುಮ್ನೆ ಬನ್ನಿ ಮೇಡಂ. ಸ್ಟೂಲು ಇದೆ. ಪಾಪ, ಇದನ್ನ ಯಾಕೆ ಸಾಯಿಸ್ತೀರಿ? ನನ್ನ ಹತ್ರ ಇರೋದು ಇದೊಂದೇ ಸ್ವಿಚ್ಚು. ಇನ್ನೊಂದು ಕೆಟ್ರೆ ಕೀಬೋರ್ಡನ್ನೇ ಎತ್ತಿಡಬೇಕಾಗತ್ತೆ."

ಜೆರಾಕ್ಸಿನ ಯಂತ್ರ ನಿಂತಿತ್ತು. ಅಂದರೆ ಪಕ್ಕದವನೂ ಕೇಳಿಸಿಕೊಂಡಿದ್ದ. ಅವಳ ಕಿವಿ ಬಿಸಿಯಾಯಿತು. ಬೆಸುಗೆ ಮುಗಿಯುವವರೆಗೂ ನಿಂತೇ ಇದ್ದಳು. ಹಳೆಯ ಸ್ವಿಚ್ಚನ್ನು ಅವನು ಕಾಗದದಲ್ಲಿ ಸುತ್ತಿ ಕೈಗಿಟ್ಟ. ಕೀಬೋರ್ಡನ್ನು ಎದೆಗೊತ್ತಿಕೊಂಡು ಹತ್ತಿರದ ದಾರಿ ಹಿಡಿದು ಮನೆಗೆ ಬಂದಳು. ಇನ್ನೆಂದೂ ಆ ಅಂಗಡಿಯ ಮೆಟ್ಟಿಲು ಹತ್ತಬಾರದು ಎಂದುಕೊಂಡಳು.

ಅತ್ತೆ ಬಾಗಿಲಲ್ಲೇ ಇದ್ದರು. ಕೀಬೋರ್ಡಿನ ಕಡೆ ನೋಡಲಿಲ್ಲ.

"ಬಿಸಿಲಿತ್ತಾ? ಪಾರ್ಕಲ್ಲಿ ಜನ ಇದ್ರಾ? ಯಾರಾದ್ರೂ ಮಾತಾಡಿಸಿದ್ರಾ?"

"ಮಾತಾಡಿಸಿದ್ರು."

"ಹೌದಾ!" ಅತ್ತೆಯ ಮುಖ ಅರಳಿತು. ಅವಳ ಕೈಯಿಂದ ಕೀಬೋರ್ಡು ತೆಗೆದುಕೊಂಡು ಮೇಜಿನ ಮೇಲಿಟ್ಟರು. ದಿನಾ ಬೆಳಿಗ್ಗೆ ಮೇಜು ಒರೆಸುವಾಗ ಮಾಡುವಂತೆ ಆ ಐದು ಕೀಗಳ ಗುಳಿಗಳ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ ಒಳಗೆ ಹೋದರು.

ಅವಳು ಕುರ್ಚಿಯಲ್ಲಿ ಕುಳಿತು ಕಾಗದದ ಪೊಟ್ಟಣ ಬಿಚ್ಚಿದಳು. ಅಂಟಿಗೆ ಬೆರಳು ತಾಗಿಸಿದಳು. ಮೂಸಿದಳು. ಸಿಹಿ, ಅದರ ಹಿಂದೆ ಸಣ್ಣಗೆ ಪುದೀನಾ. ಗೊತ್ತಿದ್ದ ವಾಸನೆ. ಎಲ್ಲಿಯದೆಂದು ತಕ್ಷಣ ಹೊಳೆಯಲಿಲ್ಲ.

ಒಳಗಿನಿಂದ ಅತ್ತೆ ಕೇಳಿದರು: "ನನ್ನ ಔಷಧಿ ತಂದ್ಯಾ? ಬಾಟಲಿ ತಳ ಕಂಡಿದೆ."

ಅವಳು ಬೆರಳನ್ನು ಮತ್ತೊಮ್ಮೆ ಮೂಸಿದಳು.

"ಮರೆತೆ ಅತ್ತೆ. ಈಗ ಪಾರ್ಕಿನ ಕಡೆ ಹೋಗಿ ಬರ್ತೀನಿ. ನಾಳೆನೂ ಹೋಗ್ತೀನಿ."

"ನಾಳೆ ಯಾಕೆ? ಮತ್ತೆ ಕೀಬೋರ್ಡು ಕೆಡತ್ತಾ?"

"ಕೆಡಲ್ಲ. ಅದರ ಸ್ವಿಚ್ಚುಗಳು ಮುಗಿದುಹೋದವಂತೆ. ಕೆಟ್ರೆ ಅದು ಇರಲ್ಲ. ನಾನು ಸುಮ್ನೆ ಹೋಗ್ತೀನಿ."

ಒಳಗೆ ಬಾಟಲಿಯಂಥ ಚಿಕ್ಕದೇನನ್ನೋ ಮೆಲ್ಲಗೆ ಕಪಾಟಿಗಿಟ್ಟ ಸದ್ದಾಯಿತು.

"ಚಪ್ಪಲಿ ಒರೆಸಿಟ್ಟಿದ್ದೀನಿ, ಹಾಕ್ಕೋ" ಎಂದರು ಅತ್ತೆ. "ಔಷಧಿ ಬೇಡ, ಬಿಡು."

ಅವಳು ಚಪ್ಪಲಿ ಮೆಟ್ಟಿದಳು. ಆ ಮನೆಯಲ್ಲಿ ಯಾರೂ ಕೆಮ್ಮಿ ಎಂಟು ತಿಂಗಳಾಗಿತ್ತು.