ಮುದ್ದೆಕೋಲು

ಚಿಕ್ಕಬೀರಪ್ಪ ತಾಂಬೂಲದ ತಟ್ಟೆ ಹಿಡಿದು ಪಡಸಾಲೆಗೆ ಹೊರಟಿದ್ದ. ತಿಮ್ಮಕ್ಕ ಗಂಡನ ರಟ್ಟೆ ಹಿಡಿದು ಅಡಿಗೆಮನೆಗೆ ಎಳೆದಳು. ಆ ತಟ್ಟೆ ಗಂಡಿನ ಕಡೆಯವರ ಕೈಗೆ ಹೋದರೆ ಮುಗಿಯಿತು, ಮಾತು ಕೊಟ್ಟ ಹಾಗೆ. ಇಲ್ಲಿ ನೋಡಿದರೆ ಮಗಳು ಹುಲಿಗೆಮ್ಮ ಒಲೆಯ ಮುಂದೆ ಕೂತು, ಈ ಗಂಡು ಬೇಡವೇ ಬೇಡ ಎಂದು ಅಳುತ್ತಿದ್ದಳು.

"ಅವಳ್ಗೆ ಇಷ್ಟ ಇಲ್ಲ ಕಣಯ್ಯಾ," ಎಂದಳು ತಿಮ್ಮಕ್ಕ, ಆದಷ್ಟು ಮೆಲ್ಲಗೆ.

"ಹಾಂ?" ಎಂದ ಚಿಕ್ಕಬೀರಪ್ಪ.

ಕಿವುಡನಿಗೆ ಮೆಲ್ಲಗೆ ಹೇಳುವುದು ಹೇಗೆ? ಕೂಗಿದರೆ ಗೋಡೆಯಾಚೆ ಕೂತ ನೆಂಟರಿಗೆಲ್ಲ ಕೇಳುತ್ತದೆ, ಈ ಮಹಾರಾಯನಿಗೆ ಮಾತ್ರ ಕೇಳುವುದಿಲ್ಲ. ತಿಮ್ಮಕ್ಕ ಕೈಯಾಡಿಸಿದಳು, ತಲೆಯಾಡಿಸಿದಳು, ಮಗಳ ಕಣ್ಣೀರು ತೋರಿಸಿದಳು.

"ಅಳ್ಲಿ ಬಿಡೇ. ಹೆಣ್ಮಗ ತವರು ಬಿಡೋದು ಅಂದ್ರೆ ಅಳ್ದೆ ನಗ್ತದಾ?"

ತಿಮ್ಮಕ್ಕನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇವನ ಕಿವಿ ಹೋದ ಆರು ವರ್ಷದಿಂದ ಇದೇ ಗೋಳು. ದಿನಾ ಸಂಜೆ ಅವಳ ಮುದ್ದೆಕೋಲು ಎತ್ತಿಕೊಂಡು ಹೋಗಿ, ಒಂದು ತುದಿಯನ್ನು ರೇಡಿಯೋಗೆ ಒತ್ತಿ, ಇನ್ನೊಂದನ್ನು ಹಲ್ಲಲ್ಲಿ ಕಚ್ಚಿ ಕೂರುತ್ತಾನೆ. ಕಿವಿಯಲ್ಲಿ ಹೋಗದ ಸದ್ದು ಮೂಳೆಯಲ್ಲಿ ಹಾದು ಒಳಗೆ ಹೋಗುತ್ತದೆಯಂತೆ, ಕಡೂರಿನ ಡಾಕ್ಟರು ಹೇಳಿಕೊಟ್ಟ ಉಪಾಯ. ಭದ್ರಾವತಿಯಿಂದ ತಂತಿಯಿಲ್ಲದೆ ಬರುವ ಹಾಡು ಇವನಿಗೆ ಕೇಳಬೇಕು, ಗೇಣು ದೂರದ ಹೆಂಡತಿ ಮಾತು ಕೇಳಬಾರದು! ಅವನು ಆಗಲೇ ತಟ್ಟೆಯ ಎಲೆ ಸರಿಮಾಡಿಕೊಂಡು ಬಾಗಿಲತ್ತ ತಿರುಗಿದ್ದ.

ಹುಲಿಗೆಮ್ಮ ಮೂಗು ಒರೆಸಿಕೊಂಡು ಎದ್ದಳು. ಮುದ್ದೆಕೋಲು ತೆಗೆದು ಒಂದು ತುದಿಯನ್ನು ಅಪ್ಪನ ಹಲ್ಲಿಗೆ ಕೊಟ್ಟಳು, ಇನ್ನೊಂದನ್ನು ತಾನು ಕಚ್ಚಿದಳು. ಹಲ್ಲು ಸಡಿಲಿಸದೆಯೇ ಹೇಳಿದಳು:

"ಅವ್ನು ಬೇಡ ಕಣಪ್ಪಾ. ಒಳಗೆ ಬರೋವಾಗ ನಮ್ಮ ಎಳೆಗರೂನ ಒದ್ದ. ದಾರೀಗೆ ಅಡ್ಡ ನಿಂತಿತ್ತು ಅಂತ."

ಚಿಕ್ಕಬೀರಪ್ಪ ಮಗಳ ಮುಖವನ್ನೇ ನೋಡಿದ. ತಟ್ಟೆ ಕೆಳಗಿಟ್ಟ. ಎಮ್ಮೆದೊಡ್ಡಿಯ ಹುಲ್ಲುಗಾವಲಿನಲ್ಲಿ ದನ ಮೇಯಿಸುತ್ತ ಕೂಗಿ ಕೂಗಿ ಬೆಳೆದ ಗಂಟಲು ಅದು, ಮೆಲ್ಲಗೆ ಎನ್ನುವುದೇ ಅದಕ್ಕೆ ಗೊತ್ತಿಲ್ಲ.

"ಕರ ಒದ್ಯೋನಿಗೆ ನನ್ ಮಗಳ್ನ ಕೊಡಲ್ಲ ಕಣ್ರಯ್ಯಾ!"

ಪಡಸಾಲೆಯಲ್ಲಿ ನೆಂಟರು ದಡಬಡ ಎದ್ದರು. ಆಮೇಲೆ ಚಪ್ಪಲಿ ಮೆಟ್ಟುವ ಸದ್ದು. ಇಷ್ಟು ಹೊತ್ತು ಪಿಸುಗುಟ್ಟಿ ಗಂಟಲು ಕಟ್ಟಿಹೋಗಿದ್ದ ತಿಮ್ಮಕ್ಕ ಹಣೆಹಣೆ ಬಡಿದುಕೊಂಡಳು. ಆಚೆ ಹೊರಟ ಗಂಡನನ್ನು ಎಳೆದು ಕೂರಿಸಿ, ಮಗಳ ಕೈಯಿಂದ ಕೋಲು ಕಿತ್ತು ಅವನ ಬಾಯಿಗೆ ತುರುಕಿದಳು. ಇನ್ನೊಂದು ತುದಿಯನ್ನು ತಾನು ಕಚ್ಚಿ ಹಿಡಿದು ಶುರುಮಾಡಿದಳು:

"ಈಗ ನಾನ್ ಹೇಳೋದು ಕೇಳು. ಆರು ವರ್ಷದ್ದು ಐತೆ."